ಕಡಬದ ಕೆರೆಯಲ್ಲಿ ಅಪ್ಪನ ದೋಣಿ

ಕೆರೆಗೆ ಹೋಗುತ್ತೇನೆಂದು ಹೇಳಿದರೆ ಅಪ್ಪ ಬಂದೇ ಬರುತ್ತಾರೆ. ಬಂದರೆ ಇಡೀ ಕಡಬ ನಗುತ್ತದೆ. ಹೇಳದಿದ್ದರೆ, ತಮ್ಮ ದೋಣಿಯನ್ನು ಮಗನೇ ಗುಟ್ಟಾಗಿ ಕಿತ್ತುಹಾಕಿಸಿದ ಎಂದು ನಾಳೆ ಯಾರ ಬಾಯಲ್ಲೋ ಕೇಳುತ್ತಾರೆ. ತುಮಕೂರಿನ ಉಪ್ಪಾರಹಳ್ಳಿಯ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಪಟ್ಟಾಭಿರಾಮ ಇನ್ನೂ ತೂಗಿ ನೋಡುತ್ತಿದ್ದ. ಬಿ.ಎ. ಪಾಸಾಗಿದ್ದರೂ ಅವನು ಒಂದು ಮಾತು ಆಡುವುದರೊಳಗೆ ಎದುರಿಗಿದ್ದವರು ಕಾಫಿ ಕುಡಿದು ಲೋಟ ತೊಳೆದಿಟ್ಟಿರುತ್ತಿದ್ದರು.

"ಕೆರೆಗೆ ತಾನೇ? ತಡಿಯೋ, ಕೊಡೆ ತರ್ತೀನಿ," ಎಂದರು ಒಳಗಿನಿಂದ ಅಪ್ಪ ಲಕ್ಷ್ಮೀನರಸಿಂಹಯ್ಯ.

ದೋಣಿಯ ಕಥೆ ಗುಬ್ಬಿ ತಾಲ್ಲೂಕಿಗೆಲ್ಲ ಗೊತ್ತಿತ್ತು. ಕಚೇರಿಯಿಂದ ರಿಟೈರಾದ ಮೇಲೆ, ಹುಟ್ಟೂರಿನ ಕೆರೆಯಲ್ಲಿ ಜನರನ್ನು ದೋಣಿಯಲ್ಲಿ ಸುತ್ತಾಡಿಸಬೇಕೆಂಬ ಹುಚ್ಚು ಅವರಿಗೆ ಹಿಡಿಯಿತು. ದೋಣಿ ಮಾಡುವವರು ಈ ಸೀಮೆಯಲ್ಲಿ ಎಲ್ಲಿ? ಕುಣಿಗಲ್ಲಿನ ಗಾಡಿ ಬಡಗಿಯ ಕೈಯಲ್ಲೇ ಮಾಡಿಸಿದರು. ಅವನು ಕಮಾನುಗಾಡಿಗೆ ಹಾಕುವಂತೆ ಮೇಲೊಂದು ತಗಡಿನ ಸೂರು ಹಾಕಿ, ನೀಲಿ ಬಣ್ಣ ಬಳಿದುಕೊಟ್ಟ. ಮೊದಲ ದಿನವೇ, ಏರಿಯ ಮೇಲೆ ನಿಂತ ನೆಂಟರು "ಓಹೋಯ್" ಎಂದದ್ದೇ ತಡ, ಒಳಗಿದ್ದವರೆಲ್ಲ ಕೈಬೀಸಲು ಒಂದೇ ಪಕ್ಕಕ್ಕೆ ಎದ್ದುಬಂದರು. ದೋಣಿ ಮಗುಚಿತು. ಸೊಂಟದ ಮಟ್ಟದ ನೀರು. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ದಡ ಸೇರಿದರು.

ಮತ್ತೆ ಅಪ್ಪ ಕಡಬದ ಕಡೆ ತಲೆ ಹಾಕಲಿಲ್ಲ. ದೋಣಿ ಮಾತ್ರ ಹೂ ಮಾರುವ ಭದ್ರಮ್ಮ ಕೀಳುತ್ತಿದ್ದ ತಾವರೆಗಳ ಮೇಲೆಯೇ ಕವುಚಿಕೊಂಡು, ಕೆಳಗಿನ ಗಡ್ಡೆಗಳನ್ನೆಲ್ಲ ಕೊಳೆಸಿತ್ತು. ೧೯೭೯ರ ಬೇಸಿಗೆಯಲ್ಲಿ ನೀರು ಇಳಿದಾಗ, ಅದನ್ನು ಎಳೆದುಹಾಕಿ ಹೊಸ ಗಡ್ಡೆ ನೆಡಲು ಪಟ್ಟಾಭಿಯ ಯುವಕ ಸಂಘ ಹೊರಟಿತ್ತು.

ಅಪ್ಪನ ಕೊಡೆ ಏರಿಯ ಮೇಲೆ ಕಂಡದ್ದೇ ಊರಿನ ಆಂಜನಪ್ಪ ಕೂಗಿದ: "ಸ್ವಾಮೇರು ಬಂದವ್ರೆ! ಎಲ್ಲಾ ಒಂದೇ ಕಡೀಕೆ ನಿಂತ್ಕಬ್ಯಾಡ್ರಲಾ, ಏರಿನೂ ಮಗಚ್ಕಂಡಾತು!"

ಪಟ್ಟಾಭಿಯ ಕಿವಿ ಬಿಸಿಯಾಯಿತು. ಹುಡುಗರು ಹಗ್ಗ ಕಟ್ಟಿ "ಐಸಾ" ಎಂದು ಎಳೆದಂತೆಲ್ಲ ದೋಣಿ ತುಂಡುತುಂಡಾಗಿ ದಡಕ್ಕೆ ಬಂತು. ಒಂದು ಹಲಗೆಯ ಕೆಸರನ್ನು ಅಪ್ಪ ಕೊಡೆಯ ತುದಿಯಿಂದ ಕೆರೆದರು. ಕೆಳಗೆ ನೀಲಿ ಇನ್ನೂ ಇತ್ತು. ನೋಡಿದವರೇ ಬಸ್ಸಿನ ದಾರಿಯತ್ತ ತಿರುಗಿದರು. ಈಗ ಹೋದರೆ ಇನ್ನು ಈ ಊರಿಗೆ ಬರುವವರಲ್ಲ ಎಂದು ಪಟ್ಟಾಭಿಗೆ ಗೊತ್ತಾಯಿತು. ಏನು ಹೇಳಿ ಕರೆಯುವುದೆಂದು ಅವನು ಇನ್ನೂ ತೂಗಿ ನೋಡುತ್ತಿದ್ದ.

ಅಷ್ಟರಲ್ಲಿ ನೀರಿನಲ್ಲಿ ನಿಂತಿದ್ದ ಭದ್ರಮ್ಮ ಹಣೆ ಚಚ್ಚಿಕೊಂಡಳು. ತೆರವಾದಷ್ಟು ಜಾಗದಲ್ಲಿ ಹುಡುಗರು ಆಗಲೇ ನೆಟ್ಟಿದ್ದ ಗಡ್ಡೆಗಳೆಲ್ಲ ಒಂದೊಂದಾಗಿ ಮೇಲೆದ್ದು ತೇಲುತ್ತಿದ್ದವು.

"ಸ್ವಾಮೇ, ಎಲ್ಲಿಗ್ ಹೊಂಟ್ರಿ? ಈ ಓದಿದ್ ಮಕ್ಳಿಗೆ ಮುಳುಗ್ಸಕ್ಕೇ ಬರಾಕಿಲ್ಲ. ಅದುಕ್ಕೆ ನಿಮ್ ಕೈಗುಣವೇ ಆಗ್ಬೇಕು, ಬನ್ನಿ!"

ಯಾರೂ ನಗಲಿಲ್ಲ. ಮೊದಲು ನಕ್ಕವರು ಅಪ್ಪನೇ, ಹೊಟ್ಟೆ ಕುಣಿಯುವಂತೆ. ಕೊಡೆಯನ್ನು ಮಗನ ಕೈಗಿತ್ತು, ಪಂಚೆ ಎತ್ತಿಕಟ್ಟಿ ನೀರಿಗಿಳಿದರು. ಒಂದು ಗಡ್ಡೆಗೆ ಜೇಡಿಮಣ್ಣು ಮೆತ್ತಿ, ಕೆಸರಿಗಿಟ್ಟು, ಹಿಮ್ಮಡಿಯಿಂದ ಒತ್ತಿ ನಿಂತರು. ಕಾಲು ತೆಗೆದರೂ ಅದು ಏಳಲಿಲ್ಲ.

"ಮುಳುಗ್ತು ಕಣಯ್ಯಾ ಆಂಜನಪ್ಪ!" ಎಂದರು. "ಅನುಭವ ಅಂದ್ರೆ ಸುಮ್ನೆ ಅಲ್ಲ!"

ಸಂಜೆ ತುಮಕೂರಿನ ಬಸ್ಸಿನಲ್ಲಿ ಅಪ್ಪನ ಮೊಣಕಾಲಿನವರೆಗೂ ಕೆಸರು ಒಣಗಿತ್ತು. ಗುಬ್ಬಿ ದಾಟಿದ ಮೇಲೆ, ಕಿಟಕಿಯಾಚೆ ನೋಡುತ್ತಲೇ ಕೇಳಿದರು: "ದೋಣಿ ಬಿಟ್ಟ ದಿನ ನೀನು ಏರಿ ಮೇಲೇ ಇದ್ದೆ ಅಲ್ವೇನೋ? ಶುರುವಿಂದ ನೋಡಿದ್ಯಾ?"

"ಹೂಂ."

ಅವರು ಕಿಟಕಿಯಿಂದ ಮುಖ ತಿರುಗಿಸಿ ಅವನತ್ತ ನೋಡಿದರು. ಪಟ್ಟಾಭಿ ಕೊಡೆಯ ಹಿಡಿಯನ್ನು ತಿರುಗಿಸುತ್ತ ಕೂತಿದ್ದ.

ಮಗುಚುವ ಮುಂಚೆ, ತಾವರೆಗಳ ನಡುವೆ ಹೋಗುತ್ತಿದ್ದಾಗ ಆ ನೀಲಿ ದೋಣಿ ತುಂಬ ಚೆಂದ ಕಾಣುತ್ತಿತ್ತು ಎಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.