ಹತ್ತನೆಯ ಕಂತೆ

ರೊಟೊಇಟಿ ಸರೋವರದಲ್ಲಿ ಪಾರಾತೆನೆ ಮುಳುಗಿ ಆರು ತಿಂಗಳಾಗಿತ್ತು. ಹೆಣ ಸಿಕ್ಕಿರಲಿಲ್ಲ. ಅವನನ್ನು ನುಂಗಿದ ನೀರಿನಿಂದ ಯಾರೂ ಏನನ್ನೂ ಹಿಡಿದು ತಿನ್ನಬಾರದೆಂದು ಹಿರಿಯರು ಹಾಕಿದ್ದ ನಿಷೇಧವನ್ನು ನಿನ್ನೆಯಷ್ಟೇ ಪ್ರಾರ್ಥನೆ ಮಾಡಿ ತೆಗೆದಿದ್ದರು. ಬೆಳಗ್ಗೆ ಅವನ ಹೆಂಡತಿ ರಾವಿನಿಯಾ ಒಂದು ಹೊರೆ ಜರಿಸೊಪ್ಪು ಕಡಿದು, ಅತ್ತೆಯನ್ನು ದೋಣಿಯಲ್ಲಿ ಕೂರಿಸಿಕೊಂಡು, ಸಿಗಡಿ ಹಿಡಿಯಲು ಅವನು ನೀರಿನಲ್ಲಿ ನೆಟ್ಟಿದ್ದ ಗೂಟದತ್ತ ಹುಟ್ಟು ಹಾಕಿದಳು.

ಗೂಟಕ್ಕೆ ಬಿಗಿದ ಹಗ್ಗದುದ್ದಕ್ಕೂ ಹತ್ತು ಸೊಪ್ಪಿನ ಕಂತೆಗಳು ತಳದಲ್ಲಿದ್ದವು. ಕೌರಾ ಸಿಗಡಿಗಳು ಆ ಸೊಪ್ಪಿನೊಳಗೆ ಮನೆ ಮಾಡುತ್ತವೆ. ಸೊಪ್ಪು ಕೊಳೆತರೆ ಬಿಟ್ಟುಹೋಗುತ್ತವೆ. ಅವನು ಮುಳುಗಿದ ದಿನ ಗಂಡ ಹೆಂಡತಿಗೆ ಜಗಳವಾದದ್ದೂ ಅದಕ್ಕೇ.

“ಹತ್ತಕ್ಕೂ ಹೊಸ ಸೊಪ್ಪು ಕಟ್ಟೋವರೆಗೂ ಮನೆ ಹೊಸ್ತಿಲು ತುಳೀಬೇಡ, ಸೋಮಾರಿ!” ಎಂದು ಅವಳು ಕೂಗಿದ್ದಳು. ಸಂಜೆ ದಡಕ್ಕೆ ಬಂದದ್ದು ದೋಣಿಯೊಂದೇ. ಅವನು ಕಡಿದು ತುಂಬಿಕೊಂಡಿದ್ದ ಸೊಪ್ಪು ಅದರಲ್ಲಿ ಹಾಗೇ ಬಿದ್ದಿತ್ತು.

ರಾವಿನಿಯಾ ಹಗ್ಗ ಎಳೆದಳು. ಮೊದಲ ಕಂತೆ ಈಗಷ್ಟೇ ಕಡಿದಂತೆ ಹಸಿರಾಗಿತ್ತು. ತುಂಬ ಸಿಗಡಿ, ಮೇಲೆ ಅವನದೇ ಎಡಗೈ ಗಂಟು. ಎರಡನೆಯದೂ ಹಾಗೆಯೇ. ಒಂಬತ್ತೂ ಹಾಗೆಯೇ ಬಂದವು. ಹತ್ತನೆಯದು ಮಾತ್ರ ಕೊಳೆತು ಕಪ್ಪಾಗಿತ್ತು.

ಅತ್ತೆ ದೋಣಿಯಲ್ಲಿದ್ದ ಸೊಪ್ಪಿಗೆ ಕೈ ಹಾಕಿದಳು. “ಇದನ್ನ ನಾವೇ ಕಟ್ಟಿ ಮುಗಿಸಿಬಿಡೋಣ ಕಣೆ. ಅವನ ಪಾಡಿಗೆ ಅವನು ಹೋಗ್ಲಿ.”

“ಬೇಡ ಅತ್ತೆ. ಒಂದೇ ತಾನೆ ಉಳಿದಿರೋದು? ಅವನೇ ಕಟ್ಲಿ.”

ಒಂದು ಸಿಗಡಿಯನ್ನೂ ತೆಗೆಯದೆ ರಾವಿನಿಯಾ ಹಗ್ಗವನ್ನು ಮತ್ತೆ ಇಳಿಬಿಟ್ಟಳು. ತಂದ ಸೊಪ್ಪನ್ನೆಲ್ಲ ಗೂಟದ ಬುಡಕ್ಕೆ ಸುರಿದಳು.

“ಇವತ್ತಿಂದ ಬಾಗಿಲಿಗೆ ಚಿಲಕ ಹಾಕ್ಬೇಡಿ,” ಎಂದಳು.