ಏನೂ ಆಗದಿದ್ದಾಗ

"ನಿಮ್ಮಣ್ಣಂದು ಮುಗೀತು. ಈಗ ನಿಮ್ಮದು ಹೇಳ್ರಿ," ಎಂದರು ಡಾಕ್ಟರು.

ಗೋಪಾಲಕೃಷ್ಣನಿಗೆ ತಕ್ಷಣ ಅರ್ಥವಾಗಲಿಲ್ಲ. ದೇವದುರ್ಗದಲ್ಲಿ ಅಣ್ಣ ನರಸಿಂಹನ ವೈಕುಂಠ ಸಮಾರಾಧನೆ ಮುಗಿಸಿ ಮಾನ್ವಿಗೆ ಹೊರಟವನು, ಅಣ್ಣನಿಗೆ ಆಪರೇಷನ್ ಮಾಡಿದ ಡಾಕ್ಟರಿಗೆ ಸುದ್ದಿ ಹೇಳಿ ಹೋಗೋಣವೆಂದು ರಾಯಚೂರಿನಲ್ಲಿ ಇಳಿದಿದ್ದ.

"ನನಗೇನೂ ಆಗಿಲ್ರಿ."

"ಅದಕ್ಕ ಕೇಳಿದ್ದು. ನಿಮ್ಮ ತಂದಿಯವ್ರು ಹೆಂಗ ಹೋದ್ರು?"

"ಮೂಲವ್ಯಾಧಿ ಅಂದಿದ್ರು. ರಕ್ತ ಹೋಗಿ ಹೋಗಿ ಸೊರಗಿದ್ರು. ಇನ್ನೂ ಐವತ್ತು ತುಂಬಿರಲಿಲ್ಲ."

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಅದು ಮೂಲವ್ಯಾಧಿ ಇರಲಿಕ್ಕಿಲ್ಲ, ಮಾಸ್ತರ. ನಿಮ್ಮಣ್ಣಗ ಬಂದದ್ದ ಇರಬೇಕು, ಮನಿತನದಾಗ ಇಳದು ಬರತದ. ಈ ಕ್ಯಾನ್ಸರ್ ಒಮ್ಮಿಗೇ ಬರೂದಿಲ್ಲ. ದೊಡ್ಡ ಕರುಳಿನಾಗ ಮೊದಲು ಸಣ್ಣ ಗಂಟು ಹುಟ್ಟತದ. ವರ್ಷಗಟ್ಟಲೆ ಸುಮ್ಮನ ಕೂತಿರತದ, ನೋವಿಲ್ಲ, ನಿಶಾನಿ ಇಲ್ಲ. ಆವಾಗ ತಗದು ಒಗದ್ರ ಅಲ್ಲಿಗೇ ಮುಗೀತು. ಹೈದರಾಬಾದಿನಾಗ ಈಗ ದೀಪ ಇರೋ ಕೊಳವಿ ಬಂದದ. ಒಳಗ ಹಾಕಿ ನೋಡ್ತಾರ."

"ಒಳಗ ಅಂದ್ರ..."

"ಹಿಂದಿನಿಂದ."

ಗೋಪಾಲಕೃಷ್ಣ ತಲೆ ತಗ್ಗಿಸಿದ.

ಮಾನ್ವಿಯ ಹೈಸ್ಕೂಲಿನಲ್ಲಿ ಅವನು ಗಣಿತ ಕಲಿಸುತ್ತಿದ್ದ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ತಾನೇ ಅನ್ನ ಮಾಡಿಕೊಂಡು, ತಾನೇ ಬಡಿಸಿಕೊಂಡು ಉಣ್ಣುತ್ತಿದ್ದ. ಡಾಕ್ಟರ ಮಾತನ್ನು ಯಾರ ಮುಂದೆ ಇಡುವುದು? ಜೊತೆಯ ಮಾಸ್ತರುಗಳ ಮುಂದೆ ಬಾಯಿಬಿಟ್ಟರೆ ನಗುತ್ತಾರೆ. ಬೇಸಿಗೆ ಕಳೆಯಿತು, ಶಾಲೆ ಶುರುವಾಯಿತು. ಮೈ ಗಟ್ಟಿಯಾಗಿತ್ತು, ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು. ಆದರೆ ಅಣ್ಣನೂ ಹೀಗೇ ಇದ್ದನಲ್ಲ ಎಂಬ ನೆನಪು ಊಟದ ನಡುವೆ ಬಂದು ಕೈ ತಡೆಯುತ್ತಿತ್ತು. ದಸರೆಯ ರಜೆಯಲ್ಲಿ ಅವನು ಯಾರಿಗೂ ಹೇಳದೆ ಹೈದರಾಬಾದಿನ ರೈಲು ಹತ್ತಿದ.

ಕೊಳವೆ ಹಾಕುವ ಹಿಂದಿನ ದಿನವೆಲ್ಲ ಬರೀ ತಿಳಿ ಗಂಜಿ, ಸಂಜೆಗೆ ಹರಳೆಣ್ಣೆ. ಲಾಡ್ಜಿನ ಪಾಯಖಾನೆಗೂ ಕೋಣೆಗೂ ತಿರುಗಿ ತಿರುಗಿ, ಬೆಳಗ್ಗೆ ಆಸ್ಪತ್ರೆಯ ಬೆಂಚಿನಲ್ಲಿ ಕೂರುವಾಗ ಕಾಲಲ್ಲಿ ಬಲವೇ ಇರಲಿಲ್ಲ. ಆಯಾ ಬಂದು ಜೊತೆಗೆ ಯಾರಿದ್ದಾರೆಂದು ಉರ್ದುವಿನಲ್ಲಿ ಕೇಳಿದಳು. ಯಾರೂ ಇಲ್ಲವೆಂದ. ಹಾಗಾದರೆ ಒಳಗೆ ಬಿಡುವುದಿಲ್ಲ, ಮಂಪರಿನ ಸೂಜಿ ಕೊಡುತ್ತಾರೆ, ಆಮೇಲೆ ನೋಡಿಕೊಳ್ಳುವವರು ಬೇಕು ಎಂದಳು.

ಪಕ್ಕದಲ್ಲಿ ಒಬ್ಬ ಹೆಂಗಸು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಬ್ಬೂರಿನ ಕುರಿಗಾರರ ಮನೆಯ ಬಂಡೆಮ್ಮ. ಅವನ ಮಾತಿನ ಧಾಟಿ ಕೇಳಿ ಆಗಲೇ ಊರು ವಿಚಾರಿಸಿದ್ದಳು. ಈಗ ಆಯಾಳ ಕಡೆ ತಿರುಗಿ, "ನಾ ಅದೀನಲ್ಲ ಇವರ ಜೋಡಿ," ಎಂದಳು.

"ನೀನು ಏನಾಗಬೇಕು?"

"ಅಕ್ಕ ಆಗಬೇಕು."

ಆಯಾ ಅವನ ಅಂಗಿಯ ಕೊರಳಲ್ಲಿ ಕಂಡ ಜನಿವಾರವನ್ನೂ ಬಂಡೆಮ್ಮನ ಹೆಗಲ ಮೇಲಿನ ಕಂಬಳಿಯನ್ನೂ ನೋಡಿದಳು. ಆಮೇಲೆ ಬಾಗಿಲು ತೆರೆದಳು.

ಒಳಗೆ ಎಡ ಮಗ್ಗುಲಾಗಿ, ಮೊಣಕಾಲು ಎದೆಗೆ ಮಡಚಿ ಮಲಗಿಸಿದರು. ಹೊಟ್ಟೆಯಲ್ಲಿ ಗಾಳಿ ತುಂಬಿ ಕರುಳು ತಿರುಚಿದಂತಾದಾಗ ಅವನು ಗೋಡೆಯ ಒಂದು ಬಿರುಕನ್ನೇ ನೋಡುತ್ತ ಹಲ್ಲು ಕಚ್ಚಿದ. ಎರಡು ಗಂಟುಗಳಿದ್ದವು. ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು. ಹೀಗೇ ಬಿಟ್ಟಿದ್ದರೆ ಮುಂದೆ ಅಣ್ಣನ ಹಾದಿಯೇ ಆಗುತ್ತಿತ್ತೇನೋ, ಕೆಲವು ವರ್ಷಕ್ಕೊಮ್ಮೆ ಬಂದು ತೋರಿಸುತ್ತಿರಿ ಎಂದರು ಅಲ್ಲಿಯ ಡಾಕ್ಟರು. ಬಂಡೆಮ್ಮನಿಗೆ ಈ ಮಾತು ಹೇಳಬೇಕೆಂದು ಅವನು ವಾರ್ಡು ವಾರ್ಡು ಹುಡುಕಿದ. ಅವಳ ಗಂಡನನ್ನು ಊರಿಗೆ ಒಯ್ಯಲು ಹೇಳಿ ಕಳಿಸಿಬಿಟ್ಟಿದ್ದರು.

ಮಾನ್ವಿಗೆ ಬಂದ ಮೇಲೆ, ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದವರಿಗೆಲ್ಲ ಹೈದರಾಬಾದಿನಲ್ಲಿ ಕೆಲಸವಿತ್ತು ಎಂದ. ರೋಗ ಬಂದಿದ್ದರೆ ಹಣ್ಣು ಹಿಡಿದು ನೋಡಲು ಬರುತ್ತಿದ್ದರು. ಬಾರದೇ ಹೋದ ರೋಗದ ಸುದ್ದಿಯನ್ನು ಹೇಗೆ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ದೇವದುರ್ಗಕ್ಕೆ ಹೋದ. ಅಣ್ಣನ ಹೆಂಡತಿ, ವೈನಿ ಜಯಾಬಾಯಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳು ಆ ಮನೆಗೆ ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಅವಳ ಬೆರಳುಗಳು ನಿಂತವು.

"ಅಂದ್ರ ಅವ್ರಿಗೂ ಮೊದಲ ನೋಡಿದ್ದರ..."

ಅವನು ಹೊಸ್ತಿಲ ಬಳಿ ಬಿದ್ದಿದ್ದ ಒಂದು ಅಕ್ಕಿಕಾಳನ್ನು ಹೆಕ್ಕಿ ಮೊರಕ್ಕೆ ಹಾಕಿದ.

"ಆಪರೇಷನ್ನಿಗಿಂತ ಒಂದು ವರ್ಷ ಮೊದಲಿಂದ ತಮ್ಮ ಧೋತರ ತಾವ ಒಗಕೊಳ್ಳಲಿಕ್ಕತ್ತಿದ್ರು, ಗೋಪಾಲಾ. ಮಡಿ ಹೆಚ್ಚಾಗೇದ ಅಂತ ನಾ ತಿಳಕೊಂಡಿದ್ದೆ. ಒಗಿಯೋ ಕಲ್ಲಿನ ಮ್ಯಾಲೆ ಒಮ್ಮೆ ಕೆಂಪು ನೋಡಿದೆ. ಕುಂಕುಮದ ನೀರು ಅಂದ್ರು. ನಂಬಿದೆ." ಆಕೆ ಮೊರವನ್ನು ಬದಿಗೆ ಸರಿಸಿದಳು. "ನೀ ಉಳದಿ. ಛಲೋ ಆತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದನ್ನು ಕೇಳಿಸಿಕೊಳ್ಳುವುದು ಅವನಿಗೆ ಕಷ್ಟವಾಯಿತು.

"ವೈನೀ, ತುಂಗಾಗೂ ಹೇಳಬೇಕು. ಈಗಿಂದೀಗ ಅಲ್ಲದಿದ್ರೂ ಮುಂದ ಆಕಿನೂ ತೋರಿಸಿಕೋಬೇಕಾಗತದ."

ತುಂಗಾ ಅಣ್ಣನ ಒಬ್ಬಳೇ ಮಗಳು. ರಾಯಚೂರಿನ ಒಂದು ಮನೆಯವರು ಅವಳನ್ನು ಒಪ್ಪಿಕೊಂಡು ಹೋಗಿದ್ದರು.

"ಬ್ಯಾಡ." ಜಯಾಬಾಯಿ ದನಿ ತಗ್ಗಿಸಿದಳು. "ಮನಿತನದಾಗ ರೋಗ ಅದ ಅಂದ್ರ ಅವ್ರು ಹಿಂದ ಸರೀತಾರ. ಲಗ್ನ ಆಗ್ಲಿ. ಆಮ್ಯಾಲೆ ನಾನ ಹೇಳ್ತೀನಿ."

"ಆಮ್ಯಾಲೆ ಬಸಿರು, ಬಾಣಂತನ ಅಂತ ಮುಂದ ಮುಂದ ಹೋಗತದ, ವೈನಿ."

"ನನ್ನ ಆಣಿ ಅದ ನಿನಗ."

ಸಂಜೆ ತುಂಗಾ ಅವನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದಳು. ಹಬ್ಬಕ್ಕೆ ಹೋಗಿ ಕೂರಲು ಅವನಿಗಿದ್ದದ್ದು ಅದೊಂದೇ ಮನೆ. ಬಾಯಿ ತೆರೆದರೆ ಆ ಬಾಗಿಲೂ ಮೊದಲಿನಂತಿರುವುದಿಲ್ಲ. ಇಬ್ಬರೂ ಸಂತೆಯ ಬಯಲು ದಾಟಿದರು. ಆಮೇಲೆ ಅವನು ನಿಂತು, ಅವಳ ಮುಖ ನೋಡದೆ, ಅವಳ ಅಜ್ಜನಿಂದ ಶುರುಮಾಡಿ ಹೇಳತೊಡಗಿದ. ಲಾಡ್ಜು, ಕೊಳವೆ, ತಂತಿ ಯಾವುದನ್ನೂ ಬಿಡಲಿಲ್ಲ.

"ನಿನಗ ಅದ ಅಂತ ಅಲ್ಲವ್ವಾ. ಇರಲಿಕ್ಕಿಲ್ಲ. ಆದ್ರ ಮೂವತ್ತರ ಸುಮಾರಿಗೆ ಒಮ್ಮೆ ತೋರಿಸು. ಏನೂ ಆಗದಿದ್ದಾಗನ ಹೋಗಬೇಕು. ಆದಮ್ಯಾಲೆ ಹೋಗೂದು ಬ್ಯಾರೆ ಮಾತು."

ತುಂಗಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಎದುರಿನಿಂದ ಎಮ್ಮೆಗಳು ಬಂದವು. ಇಬ್ಬರೂ ದಾರಿ ಬಿಟ್ಟರು.

"ನೋವಾತೇನು ಕಾಕಾ?" ಎಂದಳು.

ಹೈದರಾಬಾದಿನಿಂದ ಬಂದ ಮೇಲೆ ಈ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಹೌದೆಂದು ತಲೆಯಾಡಿಸಿದ.

"ಒಬ್ಬನ ಯಾಕ ಹೋದಿ?"

ಅವನು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ನೀ ನನಗ ಹೇಳೀದಿ ಅಂತ ಅವ್ವಗ ನಾನ ಹೇಳ್ತೀನಿ," ಎಂದಳು ತುಂಗಾ. "ರಾಯಚೂರಿನವ್ರಿಗೂ ಹೇಳಬೇಕಾಗತದ. ನೋಡೂಣು."

ಬಸ್ಸು ಬಂತು. ಅವನು ಹತ್ತಿ ಕೂತು, ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟ. ಕಿಟಕಿಯಲ್ಲಿ ನೋಡಿದಾಗ ತುಂಗಾ ಆಗಲೇ ತಿರುಗಿ ಹೊರಟಿದ್ದಳು, ಬೇಗ ಬೇಗ, ತಲೆ ತಗ್ಗಿಸಿಕೊಂಡು. ಕಂಡಕ್ಟರ್ ಚೀಲದ ಕಡೆ ನೋಡಿ, "ಟಿಕೀಟು ಒಂದೋ, ಎರಡೋ?" ಎಂದ.

"ಒಂದ," ಎಂದು ಅವನು ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಬಂಡೆಮ್ಮನ ಗಬ್ಬೂರು ಬರುವವರೆಗೂ ಆ ಜಾಗದಲ್ಲಿ ಯಾರೂ ಬಂದು ಕೂರಲಿಲ್ಲ.