ಜೋಡಿ ಪೆಟ್ಟು

"ಹೊಡೀಲಾ?" ಎಂದು ಕೋನಪ್ಪ ಫೋನಿನಲ್ಲಿ ಕೇಳಿದ.

"ತಾಳಿ, ಇನ್ನೂ ಪ್ರೋಗ್ರಾಂ ಕೂರಿಸಿಲ್ಲ" ಎಂದಳು ಅಲಮೇಲು. ಆ ಕಡೆಯಿಂದ ಕೀಬೋರ್ಡಿನ ಟಕಟಕ ಸದ್ದು ಕೇಳಿಸಿ ನಿಂತಿತು. "ಹ್ಞೂ, ಈಗ ಹೊಡೀರಿ."

ಅವನು ಫೋನನ್ನು ಬಂಡೆಯ ಮೇಲಿಟ್ಟು, ದೊಡ್ಡ ಸುತ್ತಿಗೆಯನ್ನು ಹೆಗಲಿನ ಮೇಲಕ್ಕೆತ್ತಿ, ನೆಲದ ಮೇಲಿದ್ದ ಕಬ್ಬಿಣದ ಹಲಗೆಗೆ ಒಂದು ಪೆಟ್ಟು ಹಾಕಿದ. ಸದ್ದಿಗೆ ಹುರುಳಿ ಹೊಲದಿಂದ ಗೌಜಲಕ್ಕಿಗಳು ಭರ್ರನೆ ಎದ್ದವು. ಮತ್ತೆ ಫೋನು ಎತ್ತಿಕೊಂಡಾಗ ಅವಳು "ಬಂತು" ಎಂದಳು. ಆ ಒಂದು ಮಾತನ್ನು ಅವನು ಎಷ್ಟು ದಿನಗಳಿಂದ ಕೇಳಿರಲಿಲ್ಲ!

ಚಿಂತಾಮಣಿಯ ಹೊರಗೆ, ಬೋಳುಗುಡ್ಡಗಳ ನಡುವೆ, ನೆಲದ ನಡುಕವನ್ನು ದಾಖಲಿಸುವ ಸಣ್ಣದೊಂದು ಕೇಂದ್ರವಿತ್ತು. ಸುತ್ತಲ ಹೊಲಗಳಲ್ಲಿ ಗುಂಡಿ ತೋಡಿ ಹೂತಿದ್ದ ಉಪಕರಣಗಳಿಂದ ತಂತಿಗಳು ಕೇಂದ್ರದ ಕಂಪ್ಯೂಟರಿಗೆ ಬರುತ್ತಿದ್ದವು. ಕಲ್ಲುಕ್ವಾರಿಯ ಸಿಡಿತವಿರಲಿ, ಎಲ್ಲೋ ದೂರದ ಭೂಕಂಪವಿರಲಿ, ನೆಲ ಹೇಳಿ ಕೇಳಿ ನಡುಗುವುದಿಲ್ಲ. ಅದು ನಡುಗಿದ ಕ್ಷಣ ಹಿಡಿದುಕೊಳ್ಳಬೇಕು. ಆ ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದರು. ಕಂಪ್ಯೂಟರಿನ ಭಾಗಗಳನ್ನೆಲ್ಲ ತನ್ನ ಸುಪರ್ದಿನಲ್ಲಿಟ್ಟುಕೊಂಡಿರುವ ಕರ್ನೆಲ್ ಎಂಬ ಮೂಲ ಪ್ರೋಗ್ರಾಮಿನ ಒಳಗೆ ಕೂತು, ತಂತಿಯಲ್ಲಿ ಬಂದ ಸುದ್ದಿಯನ್ನು ಹಿಡಿಯುವ ತುಂಡನ್ನು ಅಲಮೇಲು ಬರೆದಿದ್ದಳು. ಹೊರಗಿನಿಂದ ಕರ್ನೆಲ್ಲನ್ನು ಕೇಳಿ ಆ ಸುದ್ದಿಯನ್ನು ಪಡೆದು ಡಿಸ್ಕಿಗೆ ಬರೆಯುವ ಪ್ರೋಗ್ರಾಂ ಕೋನಪ್ಪನದು. ಮೊದಮೊದಲು ಅವನ ಪ್ರೋಗ್ರಾಂ "ಬಂತೇ, ಬಂತೇ" ಎಂದು ಬಿಡುವಿಲ್ಲದೆ ಕೇಳುತ್ತ ಯಂತ್ರಕ್ಕೆ ಬೇರೆ ಕೆಲಸಕ್ಕೆ ಉಸಿರೇ ಇಲ್ಲದಂತೆ ಮಾಡಿತ್ತು. ಒಂದು ಸಲ ಕೇಳಿ ಮಲಗಿಬಿಡಲಿ, ಸುದ್ದಿ ಬಂದಾಗ ಒಳಗಿನಿಂದ ತಾನೇ ಎಬ್ಬಿಸುತ್ತೇನೆ ಎಂದು ಅಲಮೇಲು ಹೇಳಿಕೊಟ್ಟಿದ್ದಳು. ಹಾಗೆ ಮಾಡಿದ ಮೊದಲ ದಿನ ಇಬ್ಬರೂ ಪರದೆಯ ಮುಂದೆ ಟೀ ಆರುವವರೆಗೂ ನೋಡುತ್ತ ಕೂತಿದ್ದರು.

ಅವಳು ಪುಣೆಯ ಸಂಸ್ಥೆಗೆ ಹೋದ ಮೇಲೂ ಅದು ಸರಿಯಾಗಿಯೇ ನಡೆಯುತ್ತಿತ್ತು. ಈಚೆಗೆ ಒಂದು ಮಧ್ಯಾಹ್ನ ಕ್ವಾರಿಯ ಸಿಡಿತದ ಬೆನ್ನಿಗೇ ಇನ್ನೊಂದು ನಡುಕ ಬಂದು, ದಾಖಲೆಯಲ್ಲಿ ಒಂದೇ ಉಳಿಯಿತು. ಹಿಡಿದ ಸುದ್ದಿಗೆ ಅಲಮೇಲು ಒಂದೇ ಜಾಗ ಇಟ್ಟಿದ್ದಳು. ಕೋನಪ್ಪನ ಪ್ರೋಗ್ರಾಂ ಎದ್ದು ಬರುವಷ್ಟರಲ್ಲಿ ಎರಡನೆಯದು ಬಂದು ಮೊದಲನೆಯದನ್ನು ಅಳಿಸಿತ್ತು. ಒಂದೇ ಜಾಗದ ಬದಲು ಒಂದು ಸಾಲು ಮಾಡಿ, ಬಂದದ್ದನ್ನು ಬಂದ ಹಾಗೆ ನಿಲ್ಲಿಸಿದರೆ ಮುಗಿಯುತ್ತಿತ್ತು. ಕೋನಪ್ಪನಿಗೆ ಅದು ಗೊತ್ತಿತ್ತು. ಆದರೂ ಕೇಂದ್ರದ ಮುಖ್ಯಸ್ಥರು ಕೇಳಿದಾಗ, ಇದನ್ನು ಬರೆದವರೇ ಬಂದು ನೋಡಬೇಕು ಸಾರ್, ಎಂದುಬಿಟ್ಟ. ಪುಣೆಗೆ ಸುದ್ದಿ ಹೋಯಿತು. ಹೇಗೂ ಊರಿಗೆ ಬರುವವಳಿದ್ದೇನೆ, ನೋಡುತ್ತೇನೆ ಎಂದು ಅವಳಿಂದ ಉತ್ತರ ಬಂತು. ಈ ದಿನ ಬೆಳಿಗ್ಗೆಯೇ ಕೇಂದ್ರಕ್ಕೆ ಬಂದು ಸಾಲನ್ನು ಬರೆದು, ಈಗ ಅವನ ಕೈಯಲ್ಲಿ ನೆಲಕ್ಕೆ ಹೊಡೆಸಿ ಪರೀಕ್ಷಿಸುತ್ತಿದ್ದಳು.

ಅವಳ ಮನೆ ಚಿಂತಾಮಣಿಯಲ್ಲೇ. ತಂದೆ ಪುಟ್ಟಸ್ವಾಮಯ್ಯನವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹಿಂದೆ ಒಂದು ಭಾನುವಾರ ಕೋನಪ್ಪ ಆ ಮನೆಗೆ ಹೋಗಿದ್ದ. ಅಲಮೇಲುವಿನ ತಾಯಿ ಪಂಕಜಮ್ಮ ಒಳಗೆ ಕರೆದು, ಎಲ್ಲರ ಜೊತೆ ಕೂರಿಸಿ, ಒತ್ತಾಯ ಮಾಡಿ ಬಡಿಸಿದ್ದರು. ಊಟವಾದ ಮೇಲೆ ಪುಟ್ಟಸ್ವಾಮಯ್ಯನವರು ಯಾವೂರು, ಯಾರ ಪೈಕಿ ಎಂದು ಮೆಲ್ಲಗೆ ವಿಚಾರಿಸಿದರು. ದಿಬ್ಬೂರಹಳ್ಳಿ, ಕೆಳಗಿನ ಕೇರಿ ಎಂದು ಅವನು ಹೇಳಿದ. ಅವರು ತಲೆಯಾಡಿಸಿ, "ಸಂತೋಷ. ನಿಮ್ಮಲ್ಲೂ ಈಗ ಚೆನ್ನಾಗಿ ಓದ್ತಾರೆ" ಎಂದರು. ಬೇರೇನೂ ಅನ್ನಲಿಲ್ಲ. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಆದರೆ ಆ 'ನಿಮ್ಮಲ್ಲೂ' ಅವನ ಜೊತೆಗೇ ಬಸ್ಸು ಹತ್ತಿತು.

ಅದಾದ ಮೇಲೆ ಅಲಮೇಲು ಒಂದೆರಡು ಸಲ, ಮನೆಗೆ ಬನ್ನಿ, ಅಪ್ಪನ ಹತ್ತಿರ ಏನಾದರೂ ಮಾತಾಡಬೇಕು ಅನ್ನಿಸಿದರೆ ಮಾತಾಡಿ ಎಂದಿದ್ದಳು. ಅದಕ್ಕಿಂತ ಬಿಡಿಸಿ ಹೇಳುವುದು ಒಬ್ಬ ಹೆಣ್ಣುಮಗಳಿಗೆ ಹೇಗೆ ಸಾಧ್ಯ? ಬರ್ತೀನಿ ಎಂದವನು ಹೋಗಲೇ ಇಲ್ಲ.

ಫೋನಿನಲ್ಲಿ ಈಗ ಮತ್ತೆ ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಅಲಮೇಲು ಕೇಳಿದಳು: "ಕೋನಪ್ಪ, ಇದನ್ನ ನೀವೇ ಸರಿ ಮಾಡಬಹುದಿತ್ತಲ್ವಾ?"

ಅವನು ಸುತ್ತಿಗೆಯನ್ನು ನೆಲಕ್ಕೂರಿ ನಿಂತ.

"ಅರ್ಧ ದಿನದ ಕೆಲಸ. ನಿಮಗೆ ಬರ್ದೇ ಇರೋದಲ್ಲ."

"ಹೌದು. ಮಾಡಬಹುದಿತ್ತು."

"ಮತ್ತೆ?"

ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದ್ದಾಗ ಆಡಲಾಗದ ಮಾತು, ನಡುವೆ ಒಂದು ಹೊಲವೂ ಒಂದು ತಂತಿಯೂ ಇದ್ದಾಗ ತಾನಾಗಿ ಬಂತು. "ನಿಮ್ಮನ್ನ ನೋಡಬೇಕು ಅನ್ನಿಸ್ತು. ಅವತ್ತು ನಾನು ಬರಬೇಕಾಗಿತ್ತು, ಹೆದರಿಕೊಂಡೆ. ಈಗ ಬರ್ತೀನಿ ಅಲಮೇಲು. ಸಂಜೆಗೇ ಬಂದು ನಿಮ್ಮ ತಂದೆಯವರನ್ನ ಕೇಳ್ತೀನಿ."



"ನಾನು ಪುಣೆಗೆ ಹೊರಟ ದಿನ ಬಸ್ ಸ್ಟ್ಯಾಂಡಲ್ಲೂ ತಿರುಗಿ ತಿರುಗಿ ನೋಡ್ತಿದ್ದೆ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ನನ್ನ ಜೊತೆ ಕೆಲಸ ಮಾಡೋರು ಒಬ್ಬರಿದಾರೆ. ಒಳ್ಳೆಯವರು. ಅವರಿಗೆ ಮಾತು ಕೊಟ್ಟಿದೀನಿ. ಮನೇಲಿ ಹೇಳೋಕೇ ಈಗ ಬಂದಿದ್ದು."

"ಒಪ್ಪಿದ್ರಾ?"

"ಅವರು ನಮ್ಮ ಪೈಕಿ ಅಲ್ಲ. ಅಪ್ಪ ಊಟ ಬಿಟ್ಟು ಕೂತಿದ್ರು. ನಿನ್ನೆ ಒಪ್ಪಿಕೊಂಡ್ರು."

ಕೋನಪ್ಪ ಆಕಾಶ ನೋಡಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಇಷ್ಟು ವರ್ಷ ಆ ಬಾಗಿಲಿಗೆ ಬಿದ್ದಿದ್ದ ಅಗುಳಿ ಅವರು ಹಾಕಿದ್ದೋ ತಾನೇ ಹಾಕಿಕೊಂಡದ್ದೋ ಈಗ ಯಾರನ್ನು ಕೇಳುವುದು? ತನಗಾದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ. ಅದನ್ನು ತಿಳಿಯುವ ದಾರಿಯನ್ನು ಅವನೇ ಕಳೆದುಕೊಂಡಿದ್ದ.

"ಎರಡು ಹೊಡೀರಿ ಈಗ" ಎಂದಳು ಅಲಮೇಲು. "ಒಂದರ ಹಿಂದೇನೇ ಒಂದು."

ಅವನು ಹೊಡೆದ. ಮೊದಲ ಪೆಟ್ಟಿನ ಸದ್ದು ಗುಡ್ಡಕ್ಕೆ ತಾಗಿ ಮರಳುವ ಮುಂಚೆಯೇ ಎರಡನೆಯದನ್ನು ಹಾಕಿದ. ತೋಳು ಜುಮ್ಮೆಂದಿತು.

"ಎರಡೂ ಬಂದ್ವು" ಎಂದಳು. ತುಸು ಹೊತ್ತಾದ ಮೇಲೆ, "ಇನ್ನೊಂದ್ಸಲ" ಎಂದಳು.

ಮತ್ತೆ ಹೊಡೆದ. ಮತ್ತೆ ಎರಡೂ ಬಂದವು. ರಿಪೇರಿ ಸರಿಯಾಗಿದೆಯೆಂದು ಇಬ್ಬರಿಗೂ ಗೊತ್ತಾಗಿತ್ತು. ಆದರೂ ಅವಳು ಇನ್ನೊಂದ್ಸಲ ಎನ್ನುತ್ತಿದ್ದಳು, ಅವನು ಹೊಡೆಯುತ್ತಿದ್ದ. ಬೊಬ್ಬೆಯೆದ್ದ ಅಂಗೈ ಒಡೆದು ಸುತ್ತಿಗೆಯ ಕಾವು ಜಾರತೊಡಗಿದಾಗ ಅವಳೇ, "ಸಾಕು, ಬಂದ್ಬಿಡಿ" ಎಂದಳು. ಅವನು ಹೊಲ ದಾಟಿ ಬರುವಷ್ಟರಲ್ಲಿ ಮುಖ ತೊಳೆದುಕೊಂಡು ಕೂತಿದ್ದಳು.

ಮಗಳನ್ನು ಕರೆದೊಯ್ಯಲು ಪುಟ್ಟಸ್ವಾಮಯ್ಯನವರು ಲೂನಾದಲ್ಲಿ ಬಂದರು. ಮೊದಲಿಗಿಂತ ಇಳಿದುಹೋಗಿದ್ದರು, ಶರಟಿನ ಕತ್ತು ಸಡಿಲವಾಗಿತ್ತು. ಕೋನಪ್ಪನ ಗುರುತು ಹಿಡಿದು, ಒಂದು ಸಲ ಊಟಕ್ಕೆ ಬಂದವರು ಆಮೇಲೆ ಮನೆ ಕಡೆ ಸುಳಿಯಲೇ ಇಲ್ಲ ಎಂದು ಆಕ್ಷೇಪಿಸಿದರು. ಕೆಲಸ ಜಾಸ್ತಿ ಸಾರ್, ಎಂದ ಅವನು. ಮಗಳು ತನ್ನ ಚೀಲ ತರಲು ಒಳಗೆ ಹೋದದ್ದನ್ನು ನೋಡಿಕೊಂಡು ಅವರು ಹತ್ತಿರ ಬಂದರು.

"ನೀವು ಓದಿದವರು, ನಾಲ್ಕು ಕಡೆ ಓಡಾಡಿದವರು. ಆ ಪುಣೆ ಕಡೆಯವರು ಹೇಗಪ್ಪ? ಮನೆಗೆ ಬಂದ ಹೆಣ್ಣುಮಕ್ಕಳನ್ನ ಚೆನ್ನಾಗಿ ನೋಡ್ಕೋತಾರಾ?"

ಕೋನಪ್ಪ ಪುಣೆಯನ್ನು ಕಂಡವನೇ ಅಲ್ಲ. "ಚೆನ್ನಾಗಿ ನೋಡ್ಕೋತಾರೆ ಸಾರ್" ಎಂದ. "ಏನೂ ಯೋಚನೆ ಮಾಡಬೇಡಿ."

ಮುದುಕರು ಅವನ ಕೈ ಹಿಡಿದುಕೊಂಡರು. ಅಂಗೈ ಉರಿಯಿತು, ಅವನು ಬಿಡಿಸಿಕೊಳ್ಳಲಿಲ್ಲ. ಅಲಮೇಲು ಬಂದು ಹಿಂದಿನ ಸೀಟಿನಲ್ಲಿ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, "ಬರ್ತೀನಿ ಕೋನಪ್ಪ" ಎಂದಳು. ಲೂನಾ ಏರು ಹತ್ತಲಾರದೆ ಏದಿತು. ಅವಳು ಇಳಿದು, ಅಪ್ಪನ ಪಕ್ಕದಲ್ಲಿ ಸ್ವಲ್ಪ ದೂರ ನಡೆದಳು. ಏರು ಮುಗಿದ ಮೇಲೆ ಮತ್ತೆ ಹತ್ತಿದಳು.

ಇನ್ನೂ ಬೆಳಕಿರುವಾಗಲೇ ಅವನು ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದ. ತಾಯಿ ಮುನಿಗಂಗಮ್ಮ ಅಂಗಳದಲ್ಲಿ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿಕೊಂಡು, ಗೂಡು ಕಟ್ಟುವಷ್ಟು ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ ಅವುಗಳಲ್ಲಿ ಬಿಡುತ್ತಿದ್ದಳು.

"ಏಮಪ್ಪಾ, ಮೊಕ ಯಾಕೆ ಹಿಂಗೈತೆ?"

"ಬಿಸ್ಲು ಕಣಮ್ಮ."

ಅವಳು ಹುಳುಗಳ ತಟ್ಟೆಯನ್ನು ಅವನ ಕಡೆ ಸರಿಸಿದಳು. ಕೋನಪ್ಪ ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂತ. ಗಾಯವಾಗದ ಕೈಯಿಂದ ಒಂದೊಂದೇ ಹುಳುವನ್ನೆತ್ತಿ ಬಿದಿರಿನ ಸುತ್ತುಗಳ ನಡುವೆ ಇಡತೊಡಗಿದ. ಆಗಲೇ ಇಟ್ಟಿದ್ದೊಂದು ಹುಳು ಅರ್ಧ ಮೈಯನ್ನು ಮೇಲಕ್ಕೆತ್ತಿ, ತಲೆಯನ್ನು ಅತ್ತಿಂದಿತ್ತ ತೂಗುತ್ತ, ಮೊದಲ ಎಳೆಯನ್ನು ಅಂಟಿಸುವುದಕ್ಕೆ ಗಾಳಿಯಲ್ಲಿ ಜಾಗ ಹುಡುಕುತ್ತಿತ್ತು.